ಬೋರ್ಡು ಕಾಣದವರ ತರಗತಿ

ಸರ್ಕಾರಿ ಶಾಲೆಗಳ ಮೊಗಸಾಲೆಯಲ್ಲಿ ಈಗ ವರ್ಷಕ್ಕೊಮ್ಮೆ ಒಂದು ಚಾರ್ಟು ತೂಗುತ್ತದೆ. ಇಂಗ್ಲಿಷಿನ ‘ಇ’ ಅಕ್ಷರ ಸಾಲಿನಿಂದ ಸಾಲಿಗೆ ಕಿರಿದಾಗುತ್ತ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತಿರುಗಿ ನಿಂತಿರುತ್ತದೆ. ಆರು ಮೀಟರು ಆಚೆ ಎಳೆದ ಗೆರೆಯ ಮೇಲೆ ನಿಂತ ಮಗು ಒಂದು ಕಣ್ಣು ಮುಚ್ಚಿಕೊಂಡು, ಅಕ್ಷರದ ಕಾಲುಗಳು ಯಾವ ಕಡೆಗಿವೆ ಎಂದು ಬೆರಳಿನಿಂದ ತೋರಿಸಿದರೆ ಸಾಕು. ಅದಕ್ಕೆ ಇಂಗ್ಲಿಷ್ ಬರಬೇಕಿಲ್ಲ, ಓದಲು ಬರಬೇಕೆಂದೂ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವಾಹನದಲ್ಲಿ ಬಂದು ಹಲ್ಲು, ಚರ್ಮ, ಹೃದಯ, ರಕ್ತಹೀನತೆಗಳ ಜೊತೆಗೆ ಕಣ್ಣನ್ನೂ ನೋಡಿ ಹೋಗುತ್ತವೆ. ಎರಡೂ ಕಣ್ಣಿಗೆ ಸೇರಿ ಕೆಲವೇ ನಿಮಿಷದ ಕೆಲಸ. ಆದರೆ ಆ ಕೆಲವು ನಿಮಿಷಗಳು ಎಪ್ಪತ್ತು, ಎಂಬತ್ತರ ದಶಕದ ಕನ್ನಡ ಶಾಲೆಗಳಲ್ಲಿ ಕಲಿತ ತಲೆಮಾರಿನ ಮುಂದೆ ಒಂದಿಡೀ ಕಾಲವನ್ನು ಎಳೆದು ತಂದು ನಿಲ್ಲಿಸುತ್ತವೆ. ಆ ಕಾಲದ ಶಾಲೆಯ ಬಗ್ಗೆ ನಮ್ಮಲ್ಲಿ ಅಕ್ಕರೆಯ ಮಾತುಗಳೇ ಹೆಚ್ಚು. ಅಕ್ಕರೆ ಸುಳ್ಳಲ್ಲ. ಆದರೆ ಆ ಶಾಲೆಗಳು ಒಂದು ಪ್ರಶ್ನೆಯನ್ನು ಕೇಳದೆಯೇ ಮಕ್ಕಳ ಬುದ್ಧಿಯನ್ನು ಅಳೆದವು: ಈ ಮಗುವಿಗೆ ಬೋರ್ಡು ಕಾಣುತ್ತಿದೆಯೇ? ಆ ಪ್ರಶ್ನೆಯನ್ನು ಕೇಳುವ ಹೊಣೆ ಮಗುವಿನದೂ ಅಲ್ಲ, ತಂದೆತಾಯಿಯದೂ ಅಲ್ಲ, ಶಾಲೆಯದು. ಮತ್ತು ಕೇಳಿದ ಮೇಲೆ ಮಗುವಿನ ಕಣ್ಣಿಗೆ ಕನ್ನಡಕ ಬರುವ ತನಕ ಆ ಹೊಣೆ ತೀರುವುದಿಲ್ಲ. ಹಿಂದಿನದನ್ನು ನೆನೆಯುತ್ತ ನಾನು ಹೇಳಬೇಕೆಂದಿರುವುದು ಇಷ್ಟೇ.

ಆ ತರಗತಿಗಳ ಒಳಗು ಹೇಗಿತ್ತು ಎಂಬುದನ್ನು ಕಣ್ಣಿನ ಕಡೆಯಿಂದ ನೆನೆದುಕೊಂಡರೆ ಅನೇಕ ಸಂಗತಿಗಳಿಗೆ ಬೇರೆಯೇ ಅರ್ಥ ಹುಟ್ಟುತ್ತದೆ. ಹೆಂಚಿನ ಮಾಡು, ನಡುವೆ ಒಂದೋ ಎರಡೋ ಗಾಜಿನ ಹೆಂಚು, ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಕವಿಯುತ್ತಿದ್ದ ಮಬ್ಬು. ತೊಂಡೆ ಸೊಪ್ಪಿನ ರಸಕ್ಕೆ ಇದ್ದಿಲ ಪುಡಿ ಬೆರೆಸಿ ಮಕ್ಕಳೇ ಕಪ್ಪು ಬಳಿಯುತ್ತಿದ್ದ ಬೋರ್ಡು ತಿಂಗಳೊಪ್ಪತ್ತಿನಲ್ಲಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು; ಅದರ ಮೇಲೆ ತುಂಡು ಸೀಮೆಸುಣ್ಣದ ಬರಹ. ಎಲ್ಲ ಮಕ್ಕಳ ಹತ್ತಿರವೂ ಎಲ್ಲ ಪುಸ್ತಕಗಳು ಇರುತ್ತಿರಲಿಲ್ಲ. ಆದ್ದರಿಂದ ಪಾಠವೆಂದರೆ ಬಹುಪಾಲು ಬೋರ್ಡೇ. ಪ್ರಶ್ನೋತ್ತರವನ್ನು ಮೇಷ್ಟ್ರು ಅಲ್ಲಿ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಳ್ಳುತ್ತಿದ್ದರು. ಲೆಕ್ಕವಂತೂ ಪೂರ್ತಿ ಬೋರ್ಡಿನ ಮೇಲೆಯೇ ನಡೆಯುತ್ತಿತ್ತು. ಎತ್ತರದ ಹುಡುಗರು ಹಿಂದೆ, ಗಿಡ್ಡ ಇದ್ದವರು ಮುಂದೆ. ಚೆನ್ನಾಗಿ ಓದುವವರು ಮುಂದೆ, ಓದದವರು ಹಿಂದೆ. ಹೀಗೆ ಹಿಂದೆ ಕೂತವರಲ್ಲಿ ಕೆಲವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಪಕ್ಕದವನ ನೋಟುಬುಕ್ಕಿಗೆ ಬಾಗುತ್ತಿದ್ದರು. ಎಂಟನ್ನು ಮೂರೆಂದು, ಆರನ್ನು ಸೊನ್ನೆಯೆಂದು ಇಳಿಸಿಕೊಂಡು, ಕ್ರಮವೆಲ್ಲ ಸರಿಯಿದ್ದರೂ ಉತ್ತರ ತಪ್ಪಿ ಏಟು ತಿನ್ನುತ್ತಿದ್ದರು. ಪಕ್ಕದವನದನ್ನು ನೋಡಿ ಬರೆದದ್ದಕ್ಕೆ ಇನ್ನೊಂದು ಏಟು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಹೊತ್ತಿಗೆ ಅವರಲ್ಲಿ ಹಲವರು ಶಾಲೆ ಬಿಟ್ಟಿರುತ್ತಿದ್ದರು. ‘ಅವನಿಗೆ ವಿದ್ಯೆ ಹತ್ತಲಿಲ್ಲ’ ಎಂದು ಊರು ತೀರ್ಮಾನಿಸುತ್ತಿತ್ತು, ಮನೆಯವರೂ ಒಪ್ಪುತ್ತಿದ್ದರು, ಕೊನೆಗೆ ಆ ಹುಡುಗನೂ ನಂಬುತ್ತಿದ್ದ. ಶಾಲೆ ಬಿಟ್ಟವರೆಲ್ಲ ಕಣ್ಣಿನ ತೊಂದರೆಯಿಂದಲೇ ಬಿಟ್ಟರೆಂದು ನಾನು ಹೇಳುತ್ತಿಲ್ಲ. ಬಡತನ, ಜಾತಿ, ಹೊಲದ ಕೆಲಸ, ಹೆಣ್ಣುಮಕ್ಕಳ ಮೇಲಿನ ಮನೆಯ ಭಾರ ಇವೇ ದೊಡ್ಡ ಕಾರಣಗಳು. ಆದರೆ ಅವರೊಳಗೆ ಬೋರ್ಡು ಕಾಣದೆಯೇ ಹಿಂದೆ ಬಿದ್ದವರ ಒಂದು ಪಾಲು ಇದ್ದೇ ಇತ್ತು, ಅದನ್ನು ಯಾರೂ ಬೇರ್ಪಡಿಸಿ ನೋಡಲಿಲ್ಲ.

ಮೇಷ್ಟರುಗಳನ್ನು ದೂರುವುದಕ್ಕೆ ಈ ಮಾತಲ್ಲ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನಡೆಸುತ್ತ, ಜನಗಣತಿಗೂ ಚುನಾವಣೆಗೂ ಓಡಾಡುತ್ತ, ಸಂಬಳಕ್ಕೆ ಕಾಯುತ್ತ ಕಲಿಸಿದವರು ಅವರು. ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮಗುವನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದವರೂ ಅವರೇ. ತೊಡಕೆಂದರೆ, ಮಗು ಹೇಳುವುದಿಲ್ಲ. ಸಮೀಪದೃಷ್ಟಿ ದೋಷ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎಂಟರಿಂದ ಹನ್ನೆರಡರ ಆಸುಪಾಸಿನಲ್ಲಿ. ಕಣ್ಣುಗುಡ್ಡೆ ಬೆಳೆಯುತ್ತ ಬೇಕಾದ್ದಕ್ಕಿಂತ ಉದ್ದವಾಗುತ್ತದೆ, ದೂರದ ವಸ್ತುವಿನಿಂದ ಬರುವ ಬೆಳಕು ಅಕ್ಷಿಪಟಲದ ಮೇಲೆ ಕೂಡದೆ ಅದಕ್ಕಿಂತ ಮುಂದೆಯೇ ಕೂಡುತ್ತದೆ, ಬಿಂಬ ಮಸುಕಾಗುತ್ತದೆ. ಇದು ಒಂದೇ ದಿನದಲ್ಲಿ ಆಗುವುದಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಮಸುಕಾದ ಲೋಕವನ್ನು ಮಗು ಲೋಕವೇ ಹೀಗಿದೆಯೆಂದು ತಿಳಿಯುತ್ತದೆ. ಇತರರಿಗೆ ಅದು ಬೇರೆ ಥರ ಕಾಣುತ್ತಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಮನೆಯವರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಹತ್ತಿರದ್ದೆಲ್ಲ ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಡುವ, ಅಕ್ಕಿಯಲ್ಲಿ ಕಲ್ಲು ಆರಿಸುವ ಹುಡುಗಿಯ ಕಣ್ಣಿಗೆ ಏನಾಗಿದೆ ಎಂದು ಯಾರು ಅನುಮಾನಪಟ್ಟಾರು? ದೂರದೃಷ್ಟಿ ದೋಷವಿರುವ ಮಗು ಕಣ್ಣಿನ ಸ್ನಾಯುಗಳನ್ನು ದುಡಿಸಿಕೊಂಡು ಅಕ್ಷರ ಓದಿಬಿಡುತ್ತದೆ, ಬೇಗ ದಣಿಯುತ್ತದೆ, ತಲೆನೋವೆನ್ನುತ್ತದೆ, ಪುಸ್ತಕ ಬದಿಗಿಡುತ್ತದೆ. ಹಿರಿಯರ ಕಣ್ಣಿಗೆ ಅದು ಓದಿನ ಕಳ್ಳತನ. ಇನ್ನು ಒಂದೇ ಕಣ್ಣಿನಲ್ಲಿ ದೋಷವಿದ್ದರೆ ಇನ್ನೊಂದು ಕಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಮಿದುಳು ಮಸುಕು ಕಣ್ಣಿನ ಸುದ್ದಿಯನ್ನು ಕ್ರಮೇಣ ಕೈಬಿಡುತ್ತದೆ; ಸೋಮಾರಿ ಕಣ್ಣು ಎಂದು ಕರೆಯುವುದು ಇದನ್ನೇ. ಏಳೆಂಟು ವರ್ಷದೊಳಗೆ ಕಂಡುಕೊಂಡು ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ. ತಡವಾದಷ್ಟೂ ಫಲ ಕಡಿಮೆ. ದೂರು ಹೇಳುವವರಿಗೆ ಮಾತ್ರ ಚಿಕಿತ್ಸೆ ಎಂಬ ಆಸ್ಪತ್ರೆಯ ಕ್ರಮ ಇಂಥ ಮಕ್ಕಳ ಮಟ್ಟಿಗೆ ಕೆಲಸಕ್ಕೆ ಬಾರದು. ಹುಡುಕಿಕೊಂಡು ಹೋಗಲೇಬೇಕು.

ಹಾಗಾದರೆ ಆ ಕಾಲದಲ್ಲಿ ಕಣ್ಣಿನ ಬಗ್ಗೆ ಕಾಳಜಿಯೇ ಇರಲಿಲ್ಲವೇ? ಧಾರಾಳವಾಗಿ ಇತ್ತು, ಆದರೆ ಬೇರೆಡೆಗೆ ತಿರುಗಿತ್ತು. ಇರುಳುಗುರುಡು ಆಗಿನ ಮಕ್ಕಳ ದೊಡ್ಡ ಪೀಡೆ. ಅದರ ವಿರುದ್ಧ 1970ರಲ್ಲಿ ವಿಟಮಿನ್ ಎ ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಹೊನಗೊನ್ನೆ, ನುಗ್ಗೆ, ಪಪ್ಪಾಯಿ ತಿನ್ನಿ, ಕಣ್ಣಿಗೆ ಒಳ್ಳೆಯದು ಎಂದು ಮನೆಯ ಹಿರಿಯರು ಹೇಳುತ್ತಿದ್ದುದರಲ್ಲಿ ಇರುಳುಗುರುಡಿನ ಮಟ್ಟಿಗೆ ಪೂರ್ತಿ ಸತ್ಯವಿದೆ. ಉದ್ದವಾದ ಕಣ್ಣುಗುಡ್ಡೆಯನ್ನು ಮಾತ್ರ ಯಾವ ಸೊಪ್ಪೂ ಮೊಟಕು ಮಾಡಲಾರದು. ಈ ಎರಡನ್ನೂ ಒಂದೇ ಎಂದು ನಂಬಿದ ಮನೆಗಳು ಕನ್ನಡಕವನ್ನು ವರ್ಷಗಳ ಕಾಲ ಮುಂದೂಡಿದವು. ಇನ್ನೊಂದು ಕಡೆ ನೇತ್ರ ಶಿಬಿರಗಳು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಸಾವಿರಾರು ಜನರ ಪೊರೆ ತೆಗೆದದ್ದು ಕರ್ನಾಟಕದ ಸಾರ್ವಜನಿಕ ನೆನಪಿನ ದೊಡ್ಡ ಅಧ್ಯಾಯ. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಶಾಲೆಗಳಿಗೆ ರಜೆ ಕೊಟ್ಟು, ಅದೇ ಕೋಣೆಗಳಲ್ಲಿ ಸಾಲಾಗಿ ಚಾಪೆ ಹಾಸಿ, ಹಸಿರು ಪಟ್ಟಿ ಕಟ್ಟಿಕೊಂಡ ಅಜ್ಜ ಅಜ್ಜಿಯರನ್ನು ಮಲಗಿಸುತ್ತಿದ್ದುದನ್ನು ಆ ಕಾಲದ ಪಟ್ಟಣಗಳು ಮರೆತಿಲ್ಲ. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದಾಗಲೂ ಅದರ ಮುಖ್ಯ ಗುರಿ ಪೊರೆಯೇ ಆಗಿತ್ತು. ಅದು ನ್ಯಾಯವೇ. ಪೂರ್ತಿ ಕುರುಡಾದವರಿಗೆ ಮೊದಲ ಪಾಳಿ ಸಲ್ಲಬೇಕಿತ್ತು. ಆದರೆ ಅದರ ಜೊತೆಗೇ ಕಣ್ಣಿನ ತೊಂದರೆಯೆಂದರೆ ಮುಪ್ಪಿನ ತೊಂದರೆ, ಕಣ್ಣಿನ ಸೇವೆಯೆಂದರೆ ಶಸ್ತ್ರಚಿಕಿತ್ಸೆ ಎಂಬ ಎಣಿಕೆ ಸಮಾಜದ ಮನಸ್ಸಿನಲ್ಲಿ ಗಟ್ಟಿಯಾಯಿತು. ಶಿಬಿರ ನಡೆದ ಕೋಣೆಯಲ್ಲೇ ಮರುವಾರ ಪಾಠ ಶುರುವಾದಾಗ ಹಿಂದಿನ ಸಾಲಿನ ಮಕ್ಕಳ ಕಣ್ಣು ಯಾರಿಗೂ ನೆನಪಾಗಲಿಲ್ಲ.

ಲೋಕದ ಲೆಕ್ಕವೂ ಈ ಮಕ್ಕಳನ್ನು ಹೊರಗಿಟ್ಟಿತ್ತು. ಬಹಳ ಕಾಲ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ದೃಷ್ಟಿಯನ್ನು ಅಳೆಯುತ್ತಿದ್ದುದು ಸಾಧ್ಯವಿದ್ದಷ್ಟು ಒಳ್ಳೆಯ ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಎಂಬುದರ ಮೇಲೆ. ಕನ್ನಡಕ ಹಾಕಿದರೆ ಪೂರ್ತಿ ಕಾಣುವ, ಆದರೆ ಕನ್ನಡಕವೇ ಇಲ್ಲದ ಮಗು ಆ ಲೆಕ್ಕದಲ್ಲಿ ಆರೋಗ್ಯವಂತ ಮಗು. ಮಗು ದಿನನಿತ್ಯ ನಿಜವಾಗಿ ಎಷ್ಟು ಕಾಣುತ್ತಿದೆ ಎಂದು ಎಣಿಸಲು ತೊಡಗಿದ ಮೇಲೆ, 2008ರಲ್ಲಿ ಪ್ರಕಟವಾದ ಅಂದಾಜು ಬೇರೆಯೇ ಚಿತ್ರ ತೋರಿಸಿತು: ಕನ್ನಡಕವಿಲ್ಲದ ಒಂದೇ ಕಾರಣಕ್ಕೆ ದೃಷ್ಟಿ ಕುಂದಿದವರು ಜಗತ್ತಿನಲ್ಲಿ 15.3 ಕೋಟಿ, ಅವರಲ್ಲಿ 5ರಿಂದ 15 ವರ್ಷದ ಮಕ್ಕಳು 1.28 ಕೋಟಿ. ತಿಳಿವಳಿಕೆ ಇರಲಿಲ್ಲ ಎನ್ನುವಂತೆಯೂ ಇಲ್ಲ. ಹರ್ಮನ್ ಸ್ನೆಲ್ಲನ್ ಎಂಬ ಡಚ್ ನೇತ್ರತಜ್ಞ ಅಕ್ಷರಗಳ ಚಾರ್ಟನ್ನು ಹೊರತಂದದ್ದು 1862ರಲ್ಲಿ. ಅಮೆರಿಕದ ಕನೆಕ್ಟಿಕಟ್ ರಾಜ್ಯ 1899ರಲ್ಲೇ ಶಾಲಾ ಮಕ್ಕಳ ದೃಷ್ಟಿ ಪರೀಕ್ಷೆಗೆ ಕಾನೂನು ಮಾಡಿತ್ತು. ಬ್ರಿಟನ್ನಿನಲ್ಲಿ 1907ರ ಶಾಸನ ಶಾಲಾ ವೈದ್ಯಕೀಯ ತಪಾಸಣೆಯನ್ನು ತಂದಿತು. ಭಾರತದಲ್ಲಿ ಬರೋಡ ನಗರ 1909ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ನಡೆಸಿತ್ತು. 1946ರ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆಯ ಬಡತನವನ್ನು ಎತ್ತಿ ಹೇಳಿತ್ತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯ ಸಮಿತಿ ಇದಕ್ಕೆಂದೇ ನೇಮಕವಾಗಿತ್ತು. ಒಂದು ರಟ್ಟಿನ ಹಾಳೆ, ಅಳತೆಯ ಹಗ್ಗ, ಬೆಳಕಿರುವ ಜಗಲಿ. ಇಷ್ಟರಲ್ಲಿ ಆಗುವ ಕೆಲಸ ಹಳ್ಳಿಶಾಲೆಯ ಬಾಗಿಲಿಗೆ ಬರಲು ದಶಕಗಳೇ ಹಿಡಿದವು. ಸಿಡುಬಿನ ಲಸಿಕೆಯವರು, ಮಲೇರಿಯಾದವರು ಬರುತ್ತಿದ್ದ ದಾರಿಯಲ್ಲಿ ಈ ರಟ್ಟಿನ ಹಾಳೆಯೂ ಬರಬಹುದಿತ್ತು. ಬರಲಿಲ್ಲ, ಏಕೆಂದರೆ ಬೋರ್ಡು ಕಾಣದೆ ಇದ್ದದ್ದರಿಂದ ಯಾರೂ ಸಾಯುತ್ತಿರಲಿಲ್ಲ.

ಈಗ ಪರಿಸ್ಥಿತಿ ಎಷ್ಟೋ ಮೇಲು. ತೊಂಬತ್ತರ ದಶಕದಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶಾಲೆಯತ್ತ ತಿರುಗಿ, ತರಬೇತಿ ಪಡೆದ ಶಿಕ್ಷಕರಿಂದ ಮೊದಲ ಹಂತದ ಪರೀಕ್ಷೆ ಮಾಡಿಸುವ ಕ್ರಮ ತಂದಿತು; ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದಕ್ಕೆ ವೈದ್ಯರ ತಂಡವನ್ನು ಸೇರಿಸಿತು. ಕರ್ನಾಟಕದಲ್ಲಿ ‘ಆಶಾಕಿರಣ’ ಯೋಜನೆ ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ಮಟ್ಟಕ್ಕೆ ಬಂದಿದೆ. ಅಗತ್ಯ ಎಷ್ಟಿದೆ ಎಂಬುದಕ್ಕೂ ಅಂಕಿಗಳಿವೆ. 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಪ್ರಕಾರ ಸಮೀಪದೃಷ್ಟಿ ದೋಷವಿದ್ದ ಮಕ್ಕಳು ನಮ್ಮ ರಾಯಚೂರು, ಯಾದಗಿರಿ ಕಡೆಯ ಗಡಿಗೆ ಆಗ ತಾಗಿದ್ದ ಮೆಹಬೂಬ್‌ನಗರ ಜಿಲ್ಲೆಯ ಹಳ್ಳಿಗಳಲ್ಲಿ ಶೇ 4.1, ದೆಹಲಿಯಲ್ಲಿ ಶೇ 7.4. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದೆಹಲಿಯ ಶಾಲಾ ಮಕ್ಕಳಲ್ಲಿ ಅದು ಶೇ 13.1. ಹಳ್ಳಿಯ ಆ ಕಡಿಮೆ ಅಂಕಿಯನ್ನೇ ಹಿಡಿದರೂ ನಲವತ್ತು, ಐವತ್ತು ಮಕ್ಕಳ ತರಗತಿಗೆ ಇಬ್ಬರಂತೆ ಬರುತ್ತದೆ. ಇದು ಸಮೀಪದೃಷ್ಟಿಯೊಂದರ ಲೆಕ್ಕ. ಉಳಿದ ದೋಷಗಳು ಬೇರೆ. ಆ ಇಬ್ಬರು ಯಾರೆಂದು ತಿಳಿಯದೆ ಪಾಠ ಮಾಡುವುದು, ಪರೀಕ್ಷೆ ಇಡುವುದು, ಅಂಕ ಕೊಡುವುದು ನ್ಯಾಯವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನೆನಪಿನೊಳಗಿನಿಂದಲೇ ಬರುತ್ತದೆ. ನಾವು ಬುಡ್ಡಿದೀಪದಲ್ಲಿ ಓದಿದೆವು, ಯಾವ ಚಾರ್ಟೂ ಇರಲಿಲ್ಲ, ಆಗ ಕನ್ನಡಕದ ಮಕ್ಕಳೇ ಅಪರೂಪ. ಇದೆಲ್ಲ ಮೊಬೈಲಿನ ಕೊಡುಗೆ, ಅದನ್ನು ಕಿತ್ತಿಟ್ಟರೆ ಸಾಕು ಎನ್ನುವವರು ಬಹಳ. ಇದರಲ್ಲಿ ಅರ್ಧ ಸತ್ಯ ಗಟ್ಟಿಯಾಗಿದೆ. ಬಯಲ ಬೆಳಕು ಕಣ್ಣುಗುಡ್ಡೆಯ ಅತಿ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಚೀನಾದ ಗುವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹಾಗೆ ಬಿಡದ ಶಾಲೆಗಳಲ್ಲಿ ಶೇ 39.5 ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದರೆ, ಬಿಟ್ಟ ಶಾಲೆಗಳಲ್ಲಿ ಶೇ 30.4. 2015ರಲ್ಲಿ ಪ್ರಕಟವಾದ ಫಲಿತಾಂಶವಿದು. ಲಗೋರಿ, ಚಿನ್ನಿದಾಂಡು ಆಡುತ್ತ ಹೊತ್ತು ಮುಳುಗುವ ತನಕ ಹೊರಗೇ ಇರುತ್ತಿದ್ದ ಆ ಬಾಲ್ಯ ನಮ್ಮಲ್ಲಿ ಎಷ್ಟೋ ಜನರ ಕಣ್ಣು ಕಾಪಾಡಿರಬೇಕು. ಆಟದ ಬಯಲನ್ನು ಮುಚ್ಚಿ ಕೊಠಡಿ ಕಟ್ಟುವ ಇಂದಿನ ಶಾಲೆಗಳು ಮಕ್ಕಳಿಂದ ಅದನ್ನು ಕಸಿದುಕೊಳ್ಳುತ್ತಿವೆ. ಆದರೆ ಬಯಲು ಎಲ್ಲರನ್ನೂ ಕಾಪಾಡಲಿಲ್ಲ. ಮೆಹಬೂಬ್‌ನಗರದ ಹಳ್ಳಿಯ ಮಕ್ಕಳು ಮೊಬೈಲಿಗೂ ಮುಂಚಿನವರು, ಬಿಸಿಲಿನಲ್ಲಿ ಬೆಳೆದವರು, ಅವರಲ್ಲೂ ದೋಷವಿತ್ತು. ಕನ್ನಡಕದ ಮಕ್ಕಳು ಅಪರೂಪವಾಗಿದ್ದರು ಎಂಬುದರಿಂದ ಕನ್ನಡಕ ಬೇಕಾದ ಮಕ್ಕಳು ಅಪರೂಪವಾಗಿದ್ದರು ಎಂದು ತಿಳಿಯುವುದು ನಮ್ಮ ತಲೆಮಾರಿನ ನೆನಪು ಮಾಡುವ ದೊಡ್ಡ ತಪ್ಪು. ನೆನಪು ಹೇಳುವವರು ಯಾರು? ಓದಿ ದಡ ಮುಟ್ಟಿದವರು. ಅಕ್ಷರ ಕೈಬಿಟ್ಟು ಹೋದವರ ನೆನಪು ಎಲ್ಲಿಯೂ ಅಚ್ಚಾಗಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ಎತ್ತುವವರು ವೈದ್ಯವಿಜ್ಞಾನದವರೇ. ತಪಾಸಣೆ ಮಾಡಿದ ಶಾಲೆ, ಮಾಡದ ಶಾಲೆ ಎಂದು ಇಟ್ಟು ಹೋಲಿಸಿದ ಪ್ರಯೋಗ ಎಲ್ಲಿದೆ ಎಂದು ಅವರು ಕೇಳುತ್ತಾರೆ. 2018ರಲ್ಲಿ ಕಾಕ್ರೇನ್ ಸಂಸ್ಥೆ ಈ ವಿಷಯದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಾಗ ಅಂಥ ನೇರ ಹೋಲಿಕೆ ಸಿಗಲಿಲ್ಲ, ನಿಜ. ಸಿಕ್ಕಿದ್ದು ಇನ್ನೊಂದು, ಮತ್ತು ಅದೇ ನನ್ನ ವಾದದ ತಿರುಳು: ತಪಾಸಣೆ ಮಾಡಿ ಚೀಟಿ ಮಾತ್ರ ಬರೆದು ಕಳಿಸಿದ ಕಡೆಗಿಂತ ಉಚಿತವಾಗಿ ಕನ್ನಡಕವನ್ನೇ ಕೊಟ್ಟ ಕಡೆ ಅದನ್ನು ಹಾಕಿಕೊಳ್ಳುವ ಮಕ್ಕಳು ಹೆಚ್ಚು. ಚೀನಾದ ಗನ್ಸು ಮತ್ತು ಶಾನ್ಷಿ ಪ್ರಾಂತ್ಯಗಳ 252 ಶಾಲೆಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಉಚಿತ ಕನ್ನಡಕ ಸಿಕ್ಕ ಮಕ್ಕಳ ಗಣಿತದ ಅಂಕ ಏರಿತು. ಅವರಲ್ಲಿ ಅನೇಕರು ಅದನ್ನು ಸದಾ ಹಾಕಿಕೊಳ್ಳದಿದ್ದರೂ ಏರಿತು. ಅಮೆರಿಕದ ಬಾಲ್ಟಿಮೋರ್ ನಗರದ ಶಾಲೆಗಳ ಅಧ್ಯಯನ 2021ರಲ್ಲಿ ಹೊರಬಂತು. ಕನ್ನಡಕ ಕೊಟ್ಟ ಮೊದಲ ವರ್ಷ ಮಕ್ಕಳ ಓದಿನ ಅಂಕ ಮೇಲೇರಿತು, ಎಲ್ಲರಿಗಿಂತ ಹೆಚ್ಚು ಲಾಭ ಪಡೆದವರು ತರಗತಿಯಲ್ಲಿ ತೀರ ಹಿಂದೆ ಇದ್ದವರು. ಹಿಂದಿನ ಸಾಲಿನ ಬಗ್ಗೆ ನಮ್ಮ ಶಾಲೆಗಳು ಕೊಟ್ಟಿದ್ದ ತೀರ್ಪನ್ನು ಈ ಒಂದು ಸಂಗತಿ ಅಲುಗಿಸಿಬಿಡುತ್ತದೆ. ಎರಡನೆಯ ವರ್ಷಕ್ಕೆ ಆ ಲಾಭ ಕರಗುತ್ತ ಬಂದದ್ದನ್ನೂ ಹೇಳಬೇಕು. ಅದಕ್ಕೆ ಕಾರಣ ಹಲವಿರಬಹುದು. ಆದರೆ ಕನ್ನಡಕ ಒಡೆಯುತ್ತದೆ, ಕಳೆಯುತ್ತದೆ, ಬೆಳೆಯುವ ಮಗುವಿನ ನಂಬರು ಬದಲಾಗುತ್ತದೆ. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನ ಇದಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟಗಳಂತೆ ಪ್ರತಿ ವರ್ಷ ಸಲ್ಲಬೇಕಾದ ಹಕ್ಕು.

ಕೊಟ್ಟರೂ ಮಕ್ಕಳು ಹಾಕುವುದಿಲ್ಲ, ದುಡ್ಡು ದಂಡ ಎಂಬುದು ಮೂರನೆಯ ಆಕ್ಷೇಪ. ಹಾಕದಿರಲು ಕಾರಣಗಳಿವೆ, ಅವು ಹಳೆಯವು. ‘ಸೋಡಾಬುಡ್ಡಿ’ ಎಂದು ಕೂಗುವ ಗೆಳೆಯರು. ಹುಡುಗಿಗೆ ಕನ್ನಡಕ ಬಂದರೆ ಗಂಡು ಸಿಗುವುದು ಕಷ್ಟ ಎನ್ನುವ ಮನೆ. ಒಮ್ಮೆ ಹಾಕಿದರೆ ಬಿಡಿಸಲಾಗದು, ನಂಬರು ಏರುತ್ತಲೇ ಹೋಗುತ್ತದೆ ಎಂಬ ಭಯ. ಈ ಕೊನೆಯ ಭಯಕ್ಕೆ ವಿಜ್ಞಾನ ತಿರುಗೇಟನ್ನೇ ಕೊಟ್ಟಿದೆ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟ ಮಕ್ಕಳ ದೋಷ, ಪೂರ್ತಿ ನಂಬರು ಕೊಟ್ಟವರಿಗಿಂತ ಬೇಗ ಹೆಚ್ಚಿತು. ನಂಬರು ಏರುವುದು ಮಗು ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಇನ್ನು ಹಾಕುವ ಮಾತಿಗೆ ಬೆಂಗಳೂರಿನದೇ ಸಾಕ್ಷಿಯಿದೆ. ನಗರ ಮತ್ತು ಸುತ್ತಲಿನ ಶಾಲೆಗಳ 11ರಿಂದ 15 ವರ್ಷದ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ನಾಲ್ಕು ತಿಂಗಳ ಮೇಲೆ ಹೇಳದೆ ಹೋಗಿ ನೋಡಿದಾಗ ನಾಲ್ವರಲ್ಲಿ ಸುಮಾರು ಮೂವರು ಕನ್ನಡಕ ಬಳಸುತ್ತಿದ್ದರು. ನಂಬರಿಗೆ ತಕ್ಕಂತೆ ಮಾಡಿಸಿದ ಕನ್ನಡಕವಾಗಲಿ, ಕಡಿಮೆ ಬೆಲೆಯ ಸಿದ್ಧ ಕನ್ನಡಕವಾಗಲಿ, ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನಿಜವಾಗಿ ಬೇಕಾದವರಿಗೆ ಮಾತ್ರ ಕೊಡುವುದು, ಫ್ರೇಮು ಆರಿಸುವ ಅವಕಾಶ ಮಗುವಿಗೇ ಬಿಡುವುದು, ಮುಖಕ್ಕೆ ಸರಿಯಾಗಿ ಕೂರುವಂತೆ ನೋಡುವುದು. ಇಂಥ ಎಚ್ಚರವಿದ್ದ ಕಡೆ ಮಕ್ಕಳು ಹಾಕಿಕೊಳ್ಳುತ್ತಾರೆ. ಹಳೆಯ ಕಾಲದಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದ, ಕಿವಿ ಕೊರೆಯುವ ದಪ್ಪ ಕರಿ ಫ್ರೇಮನ್ನು ಗಂಡು ಹೆಣ್ಣೆನ್ನದೆ ಎಲ್ಲರಿಗೂ ಒಂದೇ ಎಂದು ಹಂಚಿದರೆ ಅದು ಚೀಲದ ತಳ ಸೇರುವುದರಲ್ಲಿ ಮಗುವಿನ ಹಟವೇನೂ ಇಲ್ಲ. ಗೇಲಿಯನ್ನು ನಿಲ್ಲಿಸುವುದು ತರಗತಿಯ ಶಿಕ್ಷಕರ ಕೈಯಲ್ಲಿದೆ. ಅವರು ಗದರುವ ಅಗತ್ಯವೂ ಇಲ್ಲ, ತಮ್ಮ ಕನ್ನಡಕ ಯಾಕೆ ಹಾಕಿಕೊಂಡಿದ್ದೇನೆಂದು ಮಕ್ಕಳಿಗೆ ವಿವರಿಸಿದರೂ ಆದೀತು.

ಶಿಕ್ಷಕರಿಗೆ ಇದೊಂದು ಹೊರೆ ಬೇರೆಯೇ ಎಂಬ ನಾಲ್ಕನೆಯ ಮಾತಿನಲ್ಲಿ ನ್ಯಾಯವಿದೆ. ಗಣತಿ, ಸಮೀಕ್ಷೆ, ಆ್ಯಪು, ಮೊಟ್ಟೆಯ ಲೆಕ್ಕ ಎಲ್ಲದರ ಮೇಲೆ ಇನ್ನೊಂದು. ಆದರೆ ಅವರಿಂದ ಕೇಳುವುದು ವೈದ್ಯರ ಕೆಲಸವನ್ನಲ್ಲ. ಚಾರ್ಟಿನ ಗೊತ್ತಾದ ಒಂದು ಸಾಲು ಮಗುವಿಗೆ ಕಾಣುತ್ತದೆಯೋ ಇಲ್ಲವೋ, ಅಷ್ಟೇ. ಕಾಣದಿದ್ದರೆ ಹೆಸರು ಬರೆದುಕೊಳ್ಳುವುದು. ಮುಂದಿನದು ಕಣ್ಣಿನ ಪರೀಕ್ಷೆ ಕಲಿತವರ ಕೆಲಸ. ಶಿಕ್ಷಕರು ಕೆಲವು ಸಲ ಸರಿಯಿರುವ ಕಣ್ಣನ್ನೂ ದೋಷವೆಂದು ಬರೆದಾರು. ಆ ತಪ್ಪು ಎರಡನೆಯ ಪರೀಕ್ಷೆಯಲ್ಲಿ ತಿದ್ದಿಹೋಗುತ್ತದೆ. ಹಾನಿ ಆಗುವುದು ಆ ಎರಡನೆಯ ಪರೀಕ್ಷೆಗೆ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ಅಲೆದಾಡಿಸಿದಾಗ. ಚೀಟಿ ಹಿಡಿದು ಹೋಗಬೇಕಾದ ತಾಯಿಗೆ ಅದು ಒಂದು ದಿನದ ಕೂಲಿ, ಬಸ್ಸಿನ ಕಾಯುವಿಕೆ, ಹೋದ ದಿನ ಕಣ್ಣಿನವರು ಇಲ್ಲವೆಂದರೆ ಮತ್ತೊಂದು ದಿನದ ಕೂಲಿ. ತಪಾಸಣೆಯ ಸರಪಳಿ ಹೆಚ್ಚಾಗಿ ಕಡಿಯುವುದು ಇಲ್ಲಿಯೇ. ಆದ್ದರಿಂದ ಹೆಸರು ಬರೆದುಕೊಂಡ ಮಕ್ಕಳನ್ನು ನೋಡಲು ನೇತ್ರಾಧಿಕಾರಿಗಳೇ ಕ್ಲಸ್ಟರಿಗೊಂದು ದಿನ ಗೊತ್ತುಮಾಡಿ ಶಾಲೆಗೆ ಬರಬೇಕು, ಕನ್ನಡಕವೂ ಶಾಲೆಗೇ ಬರಬೇಕು. ತಪಾಸಣೆಯ ದಿನ ಬಾರದ ಮಕ್ಕಳನ್ನು ಇನ್ನೊಂದು ದಿನ ನೋಡಬೇಕು. ಪದೇ ಪದೇ ಗೈರಾಗುವ ಮಗುವಿಗೇ ಅದರ ಅಗತ್ಯ ಹೆಚ್ಚಿರಬಹುದು. ಕಡಿಮೆ ಫೀಜಿನ ಖಾಸಗಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಬಡವರು ಈಗ ಊರೂರಲ್ಲಿ ಇದ್ದಾರೆ. ಆ ಮಕ್ಕಳು ಎರಡೂ ಕಡೆ ತಪ್ಪಿಹೋಗದಂತೆ ನೋಡಬೇಕು. ಸೋಮಾರಿ ಕಣ್ಣಿನ ಹುಡುಕಾಟ ಅಂಗನವಾಡಿಯಲ್ಲೇ ಶುರುವಾಗಬೇಕು, ಐದನೆಯ ತರಗತಿಗೆ ಬರುವ ತನಕ ಕಾಯುವಂತಿಲ್ಲ.

ಕಣ್ಣಿನ ವಿಷಯದಲ್ಲಿ ಕನ್ನಡನಾಡಿನ ಮನಸ್ಸು ಉದಾರವಾದದ್ದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದಾಗಲೂ 2021ರಲ್ಲಿ ಪುನೀತ್ ಅವರ ಕಣ್ಣುಗಳು ದಾನವಾದಾಗಲೂ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಸತ್ತ ಮೇಲೆ ಕಣ್ಣು ಕೊಡಲು ಸಿದ್ಧವಿರುವ ಸಮಾಜ, ಬದುಕಿರುವ ಮಕ್ಕಳ ಕಣ್ಣಿಗೆ ಒಂದು ಜೊತೆ ಗಾಜು ತಲುಪಿತೇ ಎಂದು ವಿಚಾರಿಸುವಷ್ಟು ತಾಳ್ಮೆಯನ್ನೂ ಬೆಳೆಸಿಕೊಳ್ಳಬೇಕು. ಆ ಹಳೆಯ ಹಿಂದಿನ ಸಾಲಿನವರಿಗೆ ಈಗ ಐವತ್ತು ದಾಟಿದೆ. ಅವರಿಗೆ ಆದ ಅನ್ಯಾಯವನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಬಿಟ್ಟ ಓದು ಬಿಟ್ಟದ್ದೇ, ತಮ್ಮ ಬುದ್ಧಿಯ ಬಗ್ಗೆ ತಾವೇ ನಂಬಿಕೊಂಡ ತಪ್ಪು ಮಾತು ಅವರ ಬದುಕಿನುದ್ದಕ್ಕೂ ಜೊತೆಗೇ ನಡೆದು ಬಂದಿದೆ. ಅವರ ಮೊಮ್ಮಕ್ಕಳು ಈಗ ಅದೇ ಶಾಲೆಗಳಲ್ಲಿದ್ದಾರೆ. ವರ್ಷದ ಕೊನೆಗೆ ಇಲಾಖೆ ಇಷ್ಟು ಲಕ್ಷ ಮಕ್ಕಳ ಕಣ್ಣು ಪರೀಕ್ಷಿಸಿದೆವು ಎಂದು ವರದಿ ಕೊಡುತ್ತದೆ. ಆ ಅಂಕಿ ನಮಗೆ ಸಾಲದು. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಮಕ್ಕಳಿಗೆ ಕನ್ನಡಕ ಬೇಕೆಂದು ಬರೆದಿರಿ, ಎಷ್ಟು ಮಕ್ಕಳ ಕೈಗೆ ಬಂತು, ಮೂರು ತಿಂಗಳಾದ ಮೇಲೆ ಎಷ್ಟು ಮಕ್ಕಳು ಅದನ್ನು ಹಾಕಿಕೊಂಡು ತರಗತಿಯಲ್ಲಿ ಕೂತಿದ್ದಾರೆ? ಈ ಮೂರೂ ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಬಂದ ವರ್ಷದಿಂದ ಮಾತ್ರ, ಮಗುವಿನ ಅಂಕಪಟ್ಟಿಯನ್ನು ನೋಡಿ ಅದರ ಬುದ್ಧಿಯ ಬಗ್ಗೆ ಮಾತಾಡುವ ಅಧಿಕಾರ ಶಾಲೆಗೆ ಬರುತ್ತದೆ.